ಏಳು ಗಂಡಂದಿರೂ ಒಂದು ಪೈಠಣಿಯೂ

ಸಿನಿಮಾ ನಟಿಗೆ ವಯಸ್ಸಾಯಿತೆಂದರೆ ನಮ್ಮ ಜನಕ್ಕೆ ಒಂದು ಹಕ್ಕು ಹುಟ್ಟಿಕೊಳ್ಳುತ್ತದೆ. ‘ಆಯ್ತಲ್ಲ, ಇನ್ನಾದರೂ ಎಲ್ಲಾ ಹೇಳಿಬಿಡು ತಾಯಿ’ ಅನ್ನುವ ಹಕ್ಕು. ಬ್ಯಾಂಕಿನ ಮ್ಯಾನೇಜರು ನಿವೃತ್ತನಾದರೆ ಅವನ ಗುಟ್ಟು ಯಾರಿಗೂ ಬೇಡ. ಅವನೇ ಕರೆದು ಕೂರಿಸಿ ಹೇಳುತ್ತೇನೆಂದರೂ ಜನ ವಾಕಿಂಗಿನ ದಾರಿ ಬದಲಿಸುತ್ತಾರೆ. ನಟಿಯ ಗುಟ್ಟು ಹಾಗಲ್ಲ, ಅದು ಊರ ಗೋಮಾಳ. ಯಾರು ಬೇಕಾದರೂ ನುಗ್ಗಬಹುದು.

ಈ ಹಸಿವನ್ನು ಸರಿಯಾಗಿ ಅಳೆದವಳು ಟೇಲರ್ ಜೆಂಕಿನ್ಸ್ ರೀಡ್ ಎಂಬ ಅಮೆರಿಕದ ಲೇಖಕಿ. 2017ರಲ್ಲಿ ಬಂದ ಅವಳ ಕಾದಂಬರಿಯ ಹೆಸರು ‘ದಿ ಸೆವೆನ್ ಹಸ್ಬಂಡ್ಸ್ ಆಫ್ ಎವೆಲಿನ್ ಹ್ಯೂಗೋ’. ಎವೆಲಿನ್ ಹಳೆಯ ಹಾಲಿವುಡ್ಡಿನ ತಾರೆ, ವಯಸ್ಸು 79, ಮದುವೆ ಏಳು. ಇನ್ನೂ ಹೆಸರು ಮಾಡದ ಒಬ್ಬ ಪತ್ರಕರ್ತೆ ಹುಡುಗಿಯನ್ನು ಕರೆಸಿ, ‘ಬರಕೋ, ಎಲ್ಲಾ ಹೇಳ್ತೀನಿ’ ಅನ್ನುತ್ತಾಳೆ. ಬಂದಾಗ ಸುಮಾರಾಗಿ ನಡೆದ ಪುಸ್ತಕ, ಕೆಲವು ವರ್ಷ ಬಿಟ್ಟು ಹುಡುಗಿಯರು ಮೊಬೈಲಿನ ಮುಂದೆ ಕೂತು ಅದಕ್ಕಾಗಿ ಅತ್ತ ಮೇಲೆ ಜಗತ್ತೆಲ್ಲ ಹಬ್ಬಿತು. ಹಬ್ಬುತ್ತ ಹಬ್ಬುತ್ತ ನಾಸಿಕದಲ್ಲಿರುವ ನಮ್ಮಣ್ಣನ ಮನೆಗೂ ಬಂತು.

ಅಣ್ಣ ಓಝರಿನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಅವನ ಮನೆಯಲ್ಲಿ ಶನಿವಾರ ಮಧ್ಯಾಹ್ನ ನಮ್ಮ ಕಡೆಯ ಹೆಂಗಸರು ಸೇರುತ್ತಾರೆ. ವೈನಿ, ಅಂದರೆ ನಮ್ಮ ಅತ್ತಿಗೆ, ಅದನ್ನು ‘ಓದುವ ಬಳಗ’ ಅನ್ನುತ್ತಾಳೆ. ಅವಲಕ್ಕಿ ಚೂಡಾದ ಡಬ್ಬಿ ಖಾಲಿಯಾಗುವ ವೇಗ ನೋಡಿದರೆ ಬೇರೆ ಹೆಸರೂ ಇಡಬಹುದು. ಪುಣೆಯಲ್ಲಿರುವ ಮಗಳು ಕಾದಂಬರಿ ತಂದುಕೊಟ್ಟಳು. ಇಂಗ್ಲಿಷು ಬರುವವರು ಓದಿದರು, ಬಾರದವರಿಗೆ ವೈನಿ ಕಥೆ ಹೇಳಿದಳು. ಅಭಿಪ್ರಾಯ ಗಟ್ಟಿಯಾಗಿದ್ದದ್ದು ಎರಡನೆಯವರದೇ.

ವಿಜಾಪುರದ ಕಾಕೂ ಒಂದು ಪುಟವನ್ನೂ ಮುಟ್ಟಿಲ್ಲ. ಆದರೂ ಮೊದಲ ತೀರ್ಪು ಅವರದೇ: ‘ಏಳಂದ್ರ ಭಾಳ ಆತು. ಮೂರರತನಾ ನಾ ಏನೂ ಅನ್ನೂದಿಲ್ಲ.’ ಈ ಮೂರರ ಮಿತಿ ಯಾವ ಶಾಸ್ತ್ರದ್ದೆಂದು ಯಾರೂ ಕೇಳಲಿಲ್ಲ. ನಾನು ನಡುವೆ ಬಾಯಿ ಹಾಕಿ, ಎಲಿಜಬೆತ್ ಟೇಲರ್ ಎಂಟು ಸಲ ಮದುವೆಯಾದಳು, ಗಂಡಂದಿರು ಮಾತ್ರ ಏಳೇ, ಏಕೆಂದರೆ ರಿಚರ್ಡ್ ಬರ್ಟನ್ನನನ್ನೇ ಎರಡು ಸಲ ಮಾಡಿಕೊಂಡಳು ಅಂದೆ. ಕಾಕೂ ಮುಖ ಅರಳಿತು. ‘ಬಿಟ್ಟಾಂವನ್ನ ತಿರುಗಿ ಕಟ್ಟಿಕೊಂಡ್ಳಾ? ಹಂಗಾದ್ರ ಅಕಿ ಸಂಸಾರಸ್ಥಿ!’

ಕಾದಂಬರಿಯ ಭಾಗಗಳಿಗೆ ಗಂಡಂದಿರ ಹೆಸರೇ ತಲೆಬರಹ, ಪ್ರತಿ ಹೆಸರಿನ ಹಿಂದೆ ವಿಶೇಷಣ. ಒಬ್ಬ ಪಾಪದವನು, ಒಬ್ಬ ಜಾಣ, ಒಬ್ಬ ನಿರಾಸೆ ಮಾಡಿದವನು, ಹೀಗೆ. ಬಳಗಕ್ಕೆ ಕಥೆಗಿಂತ ಹೆಚ್ಚು ಹಿಡಿಸಿದ್ದು ಇದು. ಎರಡು ಶನಿವಾರ ತಮ್ಮ ತಮ್ಮ ಯಜಮಾನರಿಗೆ ವಿಶೇಷಣ ಹುಡುಕುವುದರಲ್ಲೇ ಕಳೆದುಹೋದವಂತೆ. ನನಗೇನು ಬಂತೆಂದು ಹೆಂಡತಿಯನ್ನು ಕೇಳಿದೆ. ‘ಪುಸ್ತಕ ಇನ್ನೂ ಮುಗದಿಲ್ಲ’ ಅಂದಳು.

ಎವೆಲಿನ್ ನಿಜವಾಗಿ ಪ್ರೀತಿಸಿದ್ದು ಏಳರಲ್ಲಿ ಒಬ್ಬನನ್ನೂ ಅಲ್ಲ, ಸೀಲಿಯಾ ಎಂಬ ಇನ್ನೊಬ್ಬ ನಟಿಯನ್ನು ಎಂಬ ಜಾಗ ಬಂದಾಗ ಅಣ್ಣನ ಮಗಳು ಎಲ್ಲರ ಮುಖ ನೋಡುತ್ತ ಕೂತಿದ್ದಳಂತೆ, ಈಗ ಗದ್ದಲವಾಗುತ್ತದೆ ಅಂತ. ವೈನಿ ಕೇಳಿದ್ದು ಇಷ್ಟೇ: ‘ಕಡೀಕರೆ ಇಬ್ರೂ ಕೂಡಿ ಇದ್ರೋ ಇಲ್ಲೋ?’ ಇದ್ದರು ಅಂದದ್ದಕ್ಕೆ, ‘ಮತ್ತೇನು? ಮುಂದ ಓದು.’ ಗದ್ದಲವಾದದ್ದು ಬೇರೆ ಕಡೆ. ಎಪ್ಪತ್ತೊಂಬತ್ತು ವರ್ಷದ ಸುಳ್ಳು, ನಾಟಕದ ಮದುವೆ, ಪತ್ರಿಕೆಯವರಿಗೆ ಹಾಕಿದ ಟೋಪಿ, ಎಲ್ಲ ಕ್ಷಮಿಸಿದ ನನ್ನ ಹೆಂಡತಿ, ಆ ಪತ್ರಕರ್ತೆಯ ಅಪ್ಪನ ಸಾವಿನ ವಿಷಯ ಬಚ್ಚಿಟ್ಟಿದ್ದನ್ನು ಮಾತ್ರ ಈವತ್ತಿಗೂ ಕ್ಷಮಿಸಿಲ್ಲ. ಓದುವವರ ನ್ಯಾಯ ಹೀಗೆಯೇ. ದೊಡ್ಡ ತಪ್ಪುಗಳಿಗೆ ಉದಾರ, ಎಲ್ಲೋ ಒಂದು ಕಡೆ ಹಟ.

ಇನ್ನು ‘ಇದು ಖರೇ ಯಾರ ಕಥಿ?’ ಈ ಪ್ರಶ್ನೆ ಬಾರದೆ ಕನ್ನಡದವರು ಯಾವ ನಟಿಯ ಕಾದಂಬರಿಯನ್ನೂ ಮುಗಿಸುವುದಿಲ್ಲ. ಅಶ್ವತ್ಥರ ‘ರಂಗನಾಯಕಿ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1981ರಲ್ಲಿ ಸಿನಿಮಾ ಮಾಡಿದಾಗ ಆರತಿಯನ್ನು ನೋಡಿ ಅಳುತ್ತಿದ್ದ ಜನವೇ ಹೊರಗೆ ಬಂದು ಮೂಗುತಿ ಸರಿಪಡಿಸಿಕೊಳ್ಳುತ್ತ ಮೂಲ ಯಾರಿರಬಹುದೆಂದು ಪಿಸುಗುಟ್ಟಿದ್ದು ವೈನಿಗೆ ನೆನಪಿದೆ. ತನ್ನನ್ನು ಆರಾಧಿಸುವ ಹುಡುಗ ತನ್ನ ಮಗನೇ ಎಂಬುದು ಆ ತಾರೆಯ ಗುಟ್ಟು. ಅಷ್ಟು ಭಯಂಕರ ಗುಟ್ಟನ್ನು ಕೈಗಿಟ್ಟರೂ ನಮಗೆ ಸಾಲಲಿಲ್ಲ, ಮೇಲೊಂದು ಹೆಸರು ಬೇಕಿತ್ತು. ನಟಿ ಕಲ್ಪನಾ 1979ರಲ್ಲಿ ಸಂಕೇಶ್ವರದ ಹತ್ತಿರ ಗೋಟೂರಿನಲ್ಲಿ ತೀರಿಕೊಂಡಾಗಿನಿಂದ ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವನಿಗೆಲ್ಲ ಆ ರಾತ್ರಿಯ ಖಾಸಗಿ ಮಾಹಿತಿ ಇದೆ. ಅಷ್ಟು ಜನ ಅಲ್ಲಿದ್ದಿದ್ದರೆ ಪ್ರವಾಸಿ ಮಂದಿರದಲ್ಲಿ ನಿಲ್ಲಲು ಜಾಗ ಇರುತ್ತಿರಲಿಲ್ಲ.

ಮರಾಠಿಯಲ್ಲಾದರೆ ಕಾದಂಬರಿಕಾರರಿಗೆ ತೊಂದರೆ ಕೊಡದೆ ನಟಿಯೇ ಹೇಳಿಬಿಟ್ಟಳು. ಹಂಸಾ ವಾಡಕರ್, ಹುಟ್ಟುಹೆಸರು ರತನ್. ‘ಸಾಂಗತ್ಯೆ ಐಕಾ’ ಎಂಬ ಅವಳ 1959ರ ತಮಾಶಾ ಚಿತ್ರ ಪುಣೆಯಲ್ಲಿ ಎರಡು ವರ್ಷಕ್ಕೂ ಮೇಲೆ ಓಡಿತು. ಅದೇ ಹೆಸರಿಟ್ಟು ಅರುಣ್ ಸಾಧು ಎಂಬ ಪತ್ರಕರ್ತರ ಮುಂದೆ ತನ್ನ ಬಾಳನ್ನೆಲ್ಲ ಬಿಚ್ಚಿದಳು. ಅದು 1970ರಲ್ಲಿ ಪುಸ್ತಕವಾಯಿತು. ಕುಡಿತ, ಗಂಡ, ಗಂಡನಲ್ಲದವರು, ಮನೆ ಬಿಟ್ಟದ್ದು, ಯಾವುದಕ್ಕೂ ಬಣ್ಣ ಬಳಿಯಲಿಲ್ಲ. ಮರುವರ್ಷ ತೀರಿಕೊಂಡಳು. ನಿರ್ದೇಶಕ ಬೆನೆಗಲ್ ಅದರ ಮೇಲೆ 1977ರಲ್ಲಿ ‘ಭೂಮಿಕಾ’ ಮಾಡಿದಾಗ ಚಿತ್ರಕಥೆಗೆ ಕೂತವರಲ್ಲಿ ನಮ್ಮ ಗಿರೀಶ ಕಾರ್ನಾಡರೂ ಇದ್ದರು, ತೆರೆಯ ಮೇಲೆ ನಮ್ಮ ಅನಂತನಾಗ್ ಇದ್ದರು. ನಾಯಕಿ ಸ್ಮಿತಾ ಪಾಟೀಲಳಿಗೆ ರಾಷ್ಟ್ರಪ್ರಶಸ್ತಿ ಬಂತು. ನಾಸಿಕದ ಓಣಿಯಲ್ಲಿ ವೈನಿಯ ನೆರೆಮನೆಯ ಮರಾಠಿ ಆಜಿ ಆ ಪುಸ್ತಕವನ್ನು ಅಕ್ಕಿಡಬ್ಬಿಯ ಹಿಂದೆ ಇಟ್ಟು ಓದಿದವರು. ಅವರ ಅಭಿಪ್ರಾಯವನ್ನು ವೈನಿ ಹೇಳಿದಳು: ಪುಸ್ತಕ ಓದಿದಾಗ ‘ಛೀ’ ಅನಿಸಿತಂತೆ, ಸಿನಿಮಾ ನೋಡಿದಾಗ ‘ಅಯ್ಯೋ ಪಾಪ’ ಅನಿಸಿತಂತೆ. ಬಾಳು ಒಂದೇ, ನಡುವೆ ಸ್ಮಿತಾಳ ಕಣ್ಣು ಬಂದವು, ಅಷ್ಟೇ.

ಇಷ್ಟೆಲ್ಲ ಮಾತು ನಡೆದದ್ದು ನಾಸಿಕದಿಂದ ಪೈಠಣಿ ಸೀರೆಯ ಊರಾದ ಯೇವಲಾಕ್ಕೆ ಹೋಗುವ ದಾರಿಯಲ್ಲಿ. ಅಣ್ಣನ ಮಗಳ ಮದುವೆಗೆ ಪೈಠಣಿ ಬೇಕು; ಅಣ್ಣ ಗಾಡಿ ನಡೆಸಿದ, ನಾನು ಕಿವಿ ಕೊಟ್ಟೆ. ನಿಫಾಡ್ ಹೋಯಿತು, ದ್ರಾಕ್ಷಿ ತೋಟ ಹೋದವು, ವಿಂಚೂರಿನ ಹತ್ತಿರ ಈರುಳ್ಳಿ ಹೇರಿದ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದೆವು. ಎವೆಲಿನ್ನಳ ಐದನೆಯ ಗಂಡ ಅಲ್ಲಿ ಮುಗಿದ.

ಯೇವಲಾದ ಅಂಗಡಿಯಲ್ಲಿ ಬಿಳಿ ಗಾದಿಯ ಮೇಲೆ ಕೂರಿಸಿದರು, ಚಹಾ ಬಂತು, ಸೆರಗುಗಳು ಒಂದರ ಮೇಲೊಂದು ಬಿದ್ದವು. ನವಿಲು, ಗಿಳಿ, ತೆಂಗಿನಕಾಯಿ ಸಾಲಿನ ನಾರಳಿ ಅಂಚು. ಅಣ್ಣ ಅಲ್ಲಿಯವರೆಗೆ ಆಡಿದ ಒಂದೇ ಮಾತು: ‘ರೇಷ್ಮಿ ನಮ್ಮ ಬೆಂಗಳೂರಕಡೇದು.’ ನಿಜವೇ, ರೇಷ್ಮೆ ನಮ್ಮದು, ಜರಿ ಸೂರತ್ತಿನದು, ಕೈ ಯೇವಲಾದ್ದು. ಕಾಕೂ ಮುಂಭಾಗ ನೋಡಲೇ ಇಲ್ಲ. ಸೆರಗು ತಿರುವಿ, ಕನ್ನಡಕ ಹಣೆಗೇರಿಸಿ, ಗಿಳಿಯ ಕೊಕ್ಕಿನ ಹಿಂದೆ ಉಗುರು ಆಡಿಸಿದರು. ಕೈಮಗ್ಗದ ಪೈಠಣಿಯಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಪುಟ್ಟ ಕಂಡಿಕೆ. ಹೂವು ಎಲ್ಲಿದೆಯೋ ಅಲ್ಲಿಯಷ್ಟೇ ಎಳೆ ಹೋಗಿ ಪಕ್ಕದ ಎಳೆಗೆ ಕೊಂಡಿ ಹಾಕಿ ಹಿಂದಿರುಗುತ್ತದೆ. ಹಾಗಾಗಿ ಹಿಂದೂ ಅದೇ ಗಿಳಿ, ಮುಂದೂ ಅದೇ ಗಿಳಿ. ಯಂತ್ರದ್ದಾದರೆ ಹಿಂದೆ ಎಳೆಗಳು ಜೋತಾಡುತ್ತವೆ ಅಥವಾ ಕತ್ತರಿಸಿದ ಗುರುತು ಕಾಣುತ್ತದೆ. ‘ಹಿಂದ ನೋಡೇ ತಗೋಬೇಕು’ ಅಂದರು ಕಾಕೂ, ಸೀರೆಯ ಬಗ್ಗೆಯೋ ನಟಿಯರ ಬಗ್ಗೆಯೋ ಗೊತ್ತಾಗಲಿಲ್ಲ.

ಆಗ ನಾನು ಕೇಳಿದೆ: ‘ಕಾಕೂ, ಈ ಊರಾಗ ಒಬ್ಬ ದೊಡ್ಡ ನಟಿ ಹುಟ್ಯಾಳ, ಗೊತ್ತೇನ್ರಿ? ಅಪ್ಪನ ವ್ಯಾಪಾರನೂ ಇದ, ರೇಷ್ಮಿ, ಹತ್ತಿ ಬಟ್ಟಿ. ಮಂಥರಾ!’

‘ಯಾವ ಮಂಥರಾ? ನಮ್ಮ ಆಯಿತವಾರದ ಮಂಥರಾ?’

ಅವಳೇ. ಟೀವಿ ರಾಮಾಯಣದ ಮಂಥರೆ, ಲಲಿತಾ ಪವಾರ್. ಹುಟ್ಟಿದ್ದು 1916ರ ಏಪ್ರಿಲ್ 18, ಹೆಸರು ಅಂಬಾ. (ಈ ಊರಿನಲ್ಲೇ ಹುಟ್ಟಿದ ತಾತ್ಯಾ ಟೋಪೆ ಗಲ್ಲಿಗೇರಿದ್ದೂ 1859ರ ಏಪ್ರಿಲ್ 18ರಂದು, ಗಲ್ಲಿಗೇರಿದವನು ಅವನೇ ಹೌದೋ ಅಲ್ಲವೋ ಎಂದು ವಾದ ಮಾಡುವವರು ಇನ್ನೂ ಇದ್ದಾರೆ. ಗುಟ್ಟಿನ ಕಥೆಗೆ ಯೇವಲಾ ಬಡವಾದ ಊರಲ್ಲ. ಬಹಿರಂಗಕ್ಕೂ ಅಲ್ಲ: ಅಂಬೇಡ್ಕರರು ಹಿಂದೂವಾಗಿ ಸಾಯುವುದಿಲ್ಲವೆಂದು ಸಾವಿರಾರು ಜನರ ಮುಂದೆ ಸಾರಿದ್ದು 1935ರ ಅಕ್ಟೋಬರ್ 13ರಂದು ಇಲ್ಲಿಯೇ.) ಲಲಿತಾಳದು 1928ರ ಮೂಕಿ ‘ರಾಜಾ ಹರಿಶ್ಚಂದ್ರ’ದಿಂದ ಶುರು, ಆಗಿನ್ನೂ ಹುಡುಗಿ. ಮುಂದೆ ನಾಯಕಿ, 1932ರ ‘ಕೈಲಾಸ್’ಗೆ ನಿರ್ಮಾಣದಲ್ಲೂ ಪಾಲು, 1938ರ ‘ದುನಿಯಾ ಕ್ಯಾ ಹೈ’ಗೂ ಹಣ ಹಾಕಿದಳು, ಕಥೆ ಟಾಲ್‌ಸ್ಟಾಯ್‌ನದು. ಸಾಯುವತನಕ ಏಳು ನೂರು ಚಿತ್ರ ಅನ್ನುತ್ತಾರೆ. ಎವೆಲಿನ್ನಳ ಏಳರ ಮುಂದೆ ಒಂದಿಷ್ಟು ಸೊನ್ನೆ ಹೆಚ್ಚೇ.

‘ಮಂಥರಾ ನಾಯಕಿ ಆಗಿದ್ಳು?’ ಕಾಕೂ ನಂಬಲಿಲ್ಲ. ಮೊಬೈಲಿನಲ್ಲಿ ಮೂವತ್ತರ ದಶಕದ ಫೋಟೊ ತೆಗೆದು ತೋರಿಸಬೇಕಾಯಿತು. ದೊಡ್ಡ ದೊಡ್ಡ ಕಣ್ಣು, ಎರಡೂ ಸರಿಸಮ. ಕಾಕೂ ಸೆರಗು ಕೈಬಿಟ್ಟು ಫೋಟೊ ಹಿಡಿದರು.

1942ರಲ್ಲಿ ಒಂದು ಚಿತ್ರೀಕರಣದಲ್ಲಿ ಕಪಾಳಕ್ಕೆ ಹೊಡೆಯುವ ದೃಶ್ಯವಿತ್ತು. ಹೊಡೆಯಬೇಕಾದವನು ಮುಂದೆ ‘ಅಲಬೇಲಾ’ದಿಂದ ಹೆಸರಾದ ಮಾಸ್ಟರ್ ಭಗವಾನ್. ಕೈ ತೂಕ ತಪ್ಪಿತು. ಮುಖದ ಒಂದು ಪಕ್ಕಕ್ಕೆ ಪಾರ್ಶ್ವವಾಯು, ಎಡಗಣ್ಣಿನ ನರಕ್ಕೆ ಪೆಟ್ಟು, ವರ್ಷಗಟ್ಟಲೆ ಔಷಧ. ಕಣ್ಣು ಕುಗ್ಗಿದ್ದು ಕುಗ್ಗಿಯೇ ಉಳಿಯಿತು. ನಾಯಕಿಯ ಪಾತ್ರ ಅಲ್ಲಿಗೆ ಮುಗಿಯಿತು, ಇಪ್ಪತ್ತಾರನೆಯ ವಯಸ್ಸಿಗೆ. ಬೇರೆಯವಳಾಗಿದ್ದರೆ ಮನೆಗೆ ಹೋಗುತ್ತಿದ್ದಳು. ಇವಳು ಅದೇ ಕಣ್ಣನ್ನು ಹೊತ್ತು ಅತ್ತೆಯಾಗಿ ಹಿಂದಿರುಗಿದಳು. ಆ ಕಣ್ಣು ಕಿರಿದಾಗಿಸಿ ಸೊಸೆಯನ್ನು ನೋಡಿದಳೆಂದರೆ ಇಡೀ ಹಿಂದೂಸ್ತಾನದ ಸೊಸೆಯಂದಿರು ಪಲ್ಲು ಸರಿಪಡಿಸಿಕೊಂಡರು. ‘ಶ್ರೀ 420’ರ ಬಾಳೆಹಣ್ಣಿನವಳು, 1959ರ ‘ಅನಾಡಿ’ಯ ಮಿಸೆಸ್ ಡಿಸಾ ನೋಡಿದವರಿಗೆ ಅದೇ ಕಣ್ಣಿನಲ್ಲಿ ಎಷ್ಟು ಅಂತಃಕರಣ ಇತ್ತೆಂದು ಗೊತ್ತು, ಡಿಸಾಗೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಆದರೆ ಜನ ಪ್ರೀತಿಯಿಂದ ನೆನೆದದ್ದು ಗಯ್ಯಾಳಿಯನ್ನೇ. ನಮ್ಮಲ್ಲಿ ರಮಾದೇವಿಯವರಿಗೂ ಅದೇ ಹಣೆಬರಹ.

‘ಅದು ಪೆಟ್ಟಾದ ಕಣ್ಣಾ?’ ಕಾಕೂ ದನಿ ಏರಿತು. ‘ನಾನು ಟೀವಿ ಮುಂದ ಕೂತು ಅಕಿ ಕಣ್ಣಿಗೇ ಶಾಪಾ ಹಾಕೀನಲ್ಲೋ! ಮದಲs ಯಾಕ ಯಾರೂ ಹೇಳಲಿಲ್ಲ?’

ಹೇಳಿದ್ದರು. ಸಿನಿಮಾ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದ ಸಂಗತಿ. ನಮಗೆ ಬೇಕಾದದ್ದು ಬಚ್ಚಿಟ್ಟ ಗುಟ್ಟು. ಮುಖದ ನಡುವೆಯೇ ಇರುವ ಗುಟ್ಟಿಗೆ ಬೆಲೆ ಇಲ್ಲ. ಐವತ್ತು ವರ್ಷ ಎದುರಿಗೇ ತೋರಿಸಿದಳು, ನಾವು ಅದನ್ನು ನಟನೆ ಅಂದುಕೊಂಡೆವು. ಎವೆಲಿನ್ನಳ ಗುಟ್ಟು ಬೀರುವಿನಲ್ಲಿತ್ತು, ಅದಕ್ಕೇ ಅಷ್ಟು ಓದುಗರು.

ಬೀರುವಿನ ಗುಟ್ಟೂ ಲಲಿತಾಳ ಬಾಳಿನಲ್ಲಿ ಇಲ್ಲದಿಲ್ಲ. ಮೊದಲ ಮದುವೆ ಮುರಿದದ್ದಕ್ಕೆ ಒಂದು ಕಾರಣ ಹೇಳುತ್ತಾರೆ. ಗಾದಿಯ ಮೇಲೆ ಪಿಸುಮಾತಿನಲ್ಲಿ ಹೇಳಿದೆ. ಅಚ್ಚಿನಲ್ಲಿ ಹೇಳುವಷ್ಟು ಧೈರ್ಯ ನನಗಿಲ್ಲ. ಹೇಳಿದ ಕೂಡಲೇ ಏನಾಯಿತು ನೋಡಿ: ಕಪಾಳಕ್ಕೆ ‘ಅಯ್ಯೋ’ ಅಂದ ಬಳಗ ಇದಕ್ಕೆ ಚಹಾದ ಕಪ್ಪು ಕೆಳಗಿಟ್ಟು ಹತ್ತಿರ ಸರಿಯಿತು. ಅಂಗಡಿಯವನೂ ಸರಿದ, ಕನ್ನಡ ಬಾರದಿದ್ದರೂ.

‘ಇದನ್ನ ಯಾರರೆ ಕಾದಂಬರಿ ಬರೀಬೇಕು’ ಅಂದಳು ವೈನಿ. ಅಲ್ಲಿಂದ ಶುರುವಾಯಿತು, ಹುಟ್ಟದ ಕಾದಂಬರಿಗೆ ಓದುಗರ ಪತ್ರ. ಕಪಾಳ ಮೊದಲ ಅಧ್ಯಾಯದಲ್ಲೇ ಬರಬೇಕೆಂದು ಅಣ್ಣನ ಮಗಳು; ಬೇಡ, ಓದುಗರು ಮೊದಲು ಅವಳನ್ನು ಚೆನ್ನಾಗಿ ಬೈಯಲಿ, ಆಮೇಲೆ ಬರಲಿ ಅಂತ ನನ್ನ ಹೆಂಡತಿ. ಇದು ನಿಜಕ್ಕೂ ಒಳ್ಳೆಯ ಸಲಹೆ, ಬರೆಯುವವರು ಯಾರಾದರೂ ಇದ್ದರೆ ಪುಕ್ಕಟೆ ತೆಗೆದುಕೊಳ್ಳಬಹುದು. 1998ರಲ್ಲಿ ಪುಣೆಯ ಔಂಧಿನ ಮನೆಯಲ್ಲಿ ಅವಳು ಒಬ್ಬಳೇ ಇದ್ದಾಗ ತೀರಿಕೊಂಡಳು, ಕೂಡಲೇ ಯಾರಿಗೂ ತಿಳಿಯಲಿಲ್ಲ ಅಂದಾಗ ಕಾಕೂ ಖಡಾಖಂಡಿತ ಹೇಳಿದರು: ‘ಅದನ್ನ ಬರೀಬ್ಯಾಡ್ರಿ. ನಾ ಓದೂದಿಲ್ಲ.’ ಓದುವುದಿಲ್ಲವೆಂಬುದು ಹೇಗೂ ಗೊತ್ತಿದ್ದರೂ ಎಲ್ಲರೂ ಒಪ್ಪಿದರು. ತಲೆಬರಹಕ್ಕೆ ಜಗಳ ಬಿತ್ತು. ಸೀರೆ ಮೂರು ಸಲ ಮಡಚಿ ಮೂರು ಸಲ ಬಿಚ್ಚಿದ್ದಾಯಿತು.

ಬಿಲ್ಲು ಕೈಗೆ ಬಂದಾಗ ಅಣ್ಣ ಅದನ್ನು ಒಮ್ಮೆ ನೋಡಿದ, ತಿರುವಿ ಹಿಂಭಾಗವನ್ನೂ ನೋಡಿದ. ಆಮೇಲೆ ಪಾಕೀಟು ತೆಗೆಯುತ್ತ, ‘ಬರೀರಿ, ಬ್ಯಾಡಂತ ಯಾರು ಅಂದ್ರು? ಆದ್ರ ಆ ಗಂಡನ್ನ ಭಾಳ ಕೆಟ್ಟಾಂವ ಮಾಡಬ್ಯಾಡ್ರಿ’ ಅಂದ.

‘ಯಾವ ಗಂಡನ್ನ?’ ಅಂದಳು ವೈನಿ.

‘ಯಾವಾವನ್ನೂ.’