ಕಾಸಿಗೆ ತಕ್ಕ ಕಜ್ಜಾಯ

ಪೀಣ್ಯ ಎರಡನೇ ಹಂತ. ಸಿದ್ದಣ್ಣನ ಟೀ ಅಂಗಡಿ. ಎದುರಿಗೆ ಲೇತ್ ವರ್ಕ್‌ಶಾಪಿನ ಸಾಹುಕಾರರು.

‘ಬಿಟ್ಟಿ ಸಾಫ್ಟ್‌ವೇರ್ ನಮ್ ಶಾಪಿಗೆ ಒಗ್ಗಲ್ಲ ಸಿದ್ದಣ್ಣ. ನಮ್ದು ಲಕ್ಷಾಂತರ ರೂಪಾಯಿ ಮಾಲು!’

‘ಅಷ್ಟೂ ಕೊಟ್ರಾ ಸಾವ್ಕಾರ್ರೆ?’

‘ಏ, ಹುಡುಗ ಎಸ್.ಪಿ. ರೋಡಿಂದ ಪೆನ್‌ಡ್ರೈವಲ್ಲಿ ತಂದ. ಕ್ರ್ಯಾಕ್ ಮಾಡಿರೋದು.’

‘ಓಹೋ. ಬಿಟ್ಟಿದು ಯಾವ್ದು?’

‘ಲಿನಕ್ಸು. 1991ರಲ್ಲಿ ಯಾವನೋ ಕಾಲೇಜು ಹುಡುಗ ಶುರು ಮಾಡಿದ್ದಂತೆ. ನಂಬೋಕಾಗುತ್ತಾ?’

‘ನಿಮ್ ಆಂಡ್ರಾಯ್ಡ್ ಫೋನೊಳಗೂ ಅದೇ ಐತಂತೆ. ನಿನ್ನೆ ಟೀ ದುಡ್ಡು ಅದ್ರಲ್ಲೇ ಹಾಕಿದ್ರಿ, ಬಂತು.’

‘ಅದ್ ಬಿಡು. ಕಾಸು ಕೊಟ್ಟಿದ್ದು ಕೈ ಕೊಡಲ್ಲ.’

‘ಹೌದೌದು. 2024ರ ಜುಲೈ 19ಕ್ಕೆ ಕಾಸು ಕೊಟ್ಟ ಸಾಫ್ಟ್‌ವೇರೇ ಕೈ ಕೊಟ್ಟು ಏರ್‌ಪೋರ್ಟಲ್ಲಿ ಬೋರ್ಡಿಂಗ್ ಪಾಸು ಕೈಯಲ್ಲೇ ಬರ್ಕೊಟ್ರಲ್ಲ!’

‘ಮಾತು ಸಾಕು, ಟೀ ಕೊಡು... ಲೋ, ಲೋಟ ಕ್ರ್ಯಾಕ್ ಆಗಿದೆ!’

‘ನಿಮಗೇ ಅಂತ ಎತ್ತಿಟ್ಟಿದ್ದೆ ಸಾವ್ಕಾರ್ರೆ.’