ಹೂವಿಗೂ ನನಗೂ ಎಣ್ಣೆ ಸೀಗೆಕಾಯಿ

ಕಾಫಿ ಹೂ ನೋಡಲು ಮಡಿಕೇರಿಗೆ ಹೋಗುವುದು ನಮ್ಮ ಮನೆಯ ಯುಗಾದಿ ವ್ರತ. ಫಲ ಮಾತ್ರ ಇನ್ನೂ ಸಿಕ್ಕಿಲ್ಲ. 1681ರಲ್ಲಿ ಮುದ್ದುರಾಜ ಕಟ್ಟಿದ ಈ ಊರಲ್ಲಿ ರಸ್ತೆ ಒಂದೋ ಏರುತ್ತದೆ, ಇಲ್ಲ ಇಳಿಯುತ್ತದೆ. ಸಮತಟ್ಟು ಎಂಬುದು ಹೋಟೆಲಿನ ಮೇಜಿನ ಮೇಲೆ ಮಾತ್ರ. ಚಳಿ ಇರುತ್ತದೆಂದು ಮೂರು ಸ್ವೆಟರ್ ಹೊತ್ತುಕೊಂಡು ಹೋದವನು ಮಧ್ಯಾಹ್ನದ ಬಿಸಿಲಲ್ಲಿ ಬೆವರೊರೆಸಲು ಅದರಲ್ಲೊಂದನ್ನು ಬಳಸಿದೆ.

ಹೋಂಸ್ಟೇ ಯಜಮಾನರು ಕನಿಕರದಿಂದ ನೋಡಿದರು. "ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತೆ ಸಾರ್. ಮೂರ್ನಾಲ್ಕು ದಿನ ಅಷ್ಟೇ, ಆಮೇಲೆ ಬಾಡುತ್ತೆ. ನೀವು ಒಂದು ವಾರ ಲೇಟು." ಹೋದ ವರ್ಷ ಇವರೇ "ಒಂದು ವಾರ ಬೇಗ ಬಂದ್ರಿ" ಎಂದಿದ್ದರು! ರೆಂಬೆಯಲ್ಲಿ ಕಂದುಬಣ್ಣಕ್ಕೆ ತಿರುಗಿದ್ದ ಒಂದು ಗೊಂಚಲನ್ನು ಮೂಸಿದೆ. ಮಲ್ಲಿಗೆಯ ಘಮ ಬರುತ್ತದಂತೆ. ನನಗೆ ಸಿಕ್ಕಿದ್ದು ಒಂದು ಇರುವೆ, ಮೂಗಿನೊಳಕ್ಕೆ.

ವಾಪಸು ಬರುವಾಗ ಕುಶಾಲನಗರ ದಾಟಿದ್ದೇ ತಡ, ಯಜಮಾನರ ವಾಟ್ಸಾಪ್: "ಸಾರ್, ಪಕ್ಕದ ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟಿದ್ರು, ಇವತ್ತು ಅರಳಿದೆ." ಜೊತೆಗೆ ಹಿಮ ಸುರಿದಂಥ ಫೋಟೋ. ನನ್ನವಳು ಒಂದು ಕ್ಷಣ ಫೋನನ್ನೇ ಮೂಗಿಗೆ ಹಿಡಿದಳು. ಆಮೇಲೆ ಫೋನು ಬಿಟ್ಟು ನನ್ನನ್ನು ನೋಡಿದಳು. ನಾನು ಕಿಟಕಿಯಾಚೆ ನೋಡಿದೆ.