ಉಗುಳುಶಾಸ್ತ್ರ ಪ್ರವೇಶ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ನನ್ನ ಬಳಿ ಸಲಹೆಗೆ ಬರುವವರು ಎರಡು ಬಗೆ. ಡಿಎನ್‌ಎ ವರದಿ ಓದಿ ಗಾಬರಿಯಾದವರು, ಮತ್ತು ಗಾಬರಿಯಾಗಲು ಅದರಲ್ಲಿ ಏನೂ ಸಿಗದೆ ಬೇಜಾರಾದವರು. ಎರಡನೆಯವರ ಸ್ಥಿತಿಯೇ ಹೆಚ್ಚು ಗಂಭೀರ. 99 ಡಾಲರ್ ತೆತ್ತು, ಅರ್ಧ ಗಂಟೆ ನೀರೂ ಮುಟ್ಟದೆ ಕೂತು, ಪ್ಲಾಸ್ಟಿಕ್ ಕೊಳವೆಯಲ್ಲಿ ಗೆರೆಯವರೆಗೆ ಉಗುಳು ತುಂಬಿಸಿ ಅಂಚೆಗೆ ಹಾಕಿದ ಮನುಷ್ಯನಿಗೆ ಕೆಲವು ವಾರ ಬಿಟ್ಟು ಬರುವ ಉತ್ತರ: ನೀವು ದಕ್ಷಿಣ ಏಷ್ಯಾದವರು. ಈ ಸಂಗತಿಯನ್ನು ಪಾಸ್‌ಪೋರ್ಟ್ ಕಚೇರಿಯವರು ಅವನಿಗೆ ಮೊದಲೇ ತಿಳಿಸಿದ್ದರು.

ಇಂಥವರಿಗೆಂದೇ ಉಗುಳುಶಾಸ್ತ್ರ ಇದೆ. ಕಂಪನಿಯ ವರದಿ ಮುಗಿಯುವಲ್ಲಿ ಅದು ಶುರುವಾಗುತ್ತದೆ. ನಿಮ್ಮ ಖಾತೆಯ ಮೂಲೆಯಲ್ಲೆಲ್ಲೋ 'ಕಚ್ಚಾ ದತ್ತಾಂಶ' ಇಳಿಸಿಕೊಳ್ಳುವ ಗುಂಡಿ ಇರುತ್ತದೆ, ಒತ್ತಿ. ಬರುವುದು ಒಂದು ಬೋಳು ಟೆಕ್ಸ್ಟ್ ಫೈಲ್. ಆರೇಳು ಲಕ್ಷ ಸಾಲುಗಳು; ಪ್ರತಿ ಸಾಲಿನಲ್ಲೂ ರೂಪಾಂತರದ ಗುರುತಾಗಿ ಒಂದು ಆರ್‌ಎಸ್ ಸಂಖ್ಯೆ, ಕ್ರೋಮೋಸೋಮು, ಜಾಗ, ಎರಡು ಅಕ್ಷರ. ಮನುಷ್ಯನ ಜೀನೋಮಿನಲ್ಲಿರುವ ಅಕ್ಷರಗಳು ಸುಮಾರು 300 ಕೋಟಿ. ಅಂದರೆ ನಿಮ್ಮ ಕೈಗೆ ಬಂದದ್ದು ಶೇ. 0.02ರಷ್ಟು. ಉಳಿದದ್ದನ್ನು ಯಾರೂ ನೋಡಿಯೇ ಇಲ್ಲವಾದ್ದರಿಂದ ಅದರಲ್ಲಿ ದೋಷವಿದೆ ಎಂದು ಯಾರೂ ಹೇಳುವಂತಿಲ್ಲ. ಸಮಾಧಾನದ ವಿಷಯ.

ಫೈಲನ್ನು ಓದಲು ಹೋಗಬೇಡಿ. ಅಪ್‌ಲೋಡ್ ಮಾಡಿ.

ಮೊದಲು ಹೋಗಬೇಕಾದದ್ದು ಪ್ರೊಮೀಥೀಸ್ ಎಂಬ ತಾಣಕ್ಕೆ. ಸ್ನಿಪೀಡಿಯಾ ಎಂಬ ವಿಕಿಯಲ್ಲಿ ಸಂಶೋಧನಾ ಪ್ರಬಂಧಗಳ ಸಾರಾಂಶಗಳಿವೆ; ಪ್ರೊಮೀಥೀಸ್ ನಿಮ್ಮ ಅಕ್ಷರಗಳನ್ನು ಅದರೊಂದಿಗೆ ತಾಳೆ ನೋಡಿ, ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು ಬಣ್ಣ ಹಚ್ಚಿ ಕೊಡುತ್ತದೆ. ಜೊತೆಗೆ ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಒಂದು 'ಪ್ರಮಾಣ'. ಅದು ಕಾಯಿಲೆಯ ಪ್ರಮಾಣವಲ್ಲ, ಆ ಸಾಲು ಎಷ್ಟು ಕುತೂಹಲಕಾರಿ ಎಂದು ವಿಕಿ ಬರೆದವರಿಗೆ ಅನ್ನಿಸಿದ ಪ್ರಮಾಣ. ಇದನ್ನು ಅವರೇ ಬರೆದುಕೊಂಡಿದ್ದಾರೆ, ಆದರೆ ಕೆಂಪು ಬಣ್ಣದಷ್ಟು ದಪ್ಪನಾಗಿ ಬರೆದಿಲ್ಲ. ನನ್ನ ಶಿಫಾರಸು: ಹಸಿರನ್ನು ಊಟಕ್ಕೆ ಮುಂಚೆ, ಕೆಂಪನ್ನು ಊಟವಾದ ಮೇಲೆ ಓದಿ.

ಹಸಿರು ಭಾಗದಲ್ಲಿ ತಿಳಿಯುವುದು ಬಹಳ. ನಿಮ್ಮ ಕಿವಿಯ ಗುಗ್ಗೆ ಒಣವೋ ತೇವವೋ ಎಂಬುದು ಎಬಿಸಿಸಿ11 ಎಂಬ ಜೀನಿನ ಒಂದೇ ಅಕ್ಷರದ ಮೇಲೆ ನಿಂತಿದೆ. ಬೆರಳು ಹಾಕಿ ನೋಡಿದರೂ ಗೊತ್ತಾಗುತ್ತಿತ್ತು ನಿಜ, ಆದರೆ ಬೆರಳಿಗೆ ಆರ್‌ಎಸ್ ಸಂಖ್ಯೆ ಇಲ್ಲ. ಕೊತ್ತಂಬರಿ ಸೊಪ್ಪು ನಿಮಗೆ ಸೋಪಿನ ವಾಸನೆ ಹೊಡೆಯುವ ಸಾಧ್ಯತೆ ಎಷ್ಟು, ನೀವು ಗಂಡಸೋ ಹೆಂಗಸೋ, ಎಲ್ಲ ಇದೆ. ಕೆಫೀನನ್ನು ಬೇಗ ಕರಗಿಸುವ ಜೀನು ತಮ್ಮದು ಎಂದು ಓದಿದ ಸ್ಯಾನ್ ಹೋಸೆಯ ಹಿರಿಯರೊಬ್ಬರು ರಾತ್ರಿ ಹತ್ತಕ್ಕೂ ಒಂದು ಲೋಟ ಫಿಲ್ಟರ್ ಕಾಫಿ ಶುರುಮಾಡಿದರು. ಬೆಳಗಿನವರೆಗೆ ಎಚ್ಚರವಾಗಿದ್ದೆ ಅಂದರು. ವರದಿಯ ಪ್ರಕಾರ ಅವರು ನಿದ್ರೆ ಮಾಡಿದ್ದಾರೆ.

ಈಗ ಕೆಂಪು. ಇಲ್ಲಿ ವಿದ್ವಾಂಸರು ಅನಗತ್ಯವಾಗಿ ತಲೆಹಾಕಿದ್ದಾರೆ. ಇಂಥ ಕಚ್ಚಾ ಫೈಲುಗಳಲ್ಲಿ ಕಂಡ ರೂಪಾಂತರಗಳನ್ನು ವೈದ್ಯಕೀಯ ಲ್ಯಾಬೊಂದು ಮತ್ತೆ ಪರೀಕ್ಷಿಸಿದಾಗ ಶೇ. 40ರಷ್ಟು ಅಲ್ಲಿ ಇರಲೇ ಇಲ್ಲ ಎಂದು 2018ರಲ್ಲಿ ಪ್ರಕಟವಾಯಿತು. ಲಕ್ಷಕ್ಕೊಬ್ಬರಲ್ಲೂ ಇರದಷ್ಟು ಅಪರೂಪದ ರೂಪಾಂತರಗಳನ್ನು ಈ ಕಂಪನಿಗಳು ಬಳಸುವ ಬಗೆಯ ಡಿಎನ್‌ಎ ಚಿಪ್ ತೋರಿಸಿದರೆ ಶೇ. 84ರಷ್ಟು ಸುಳ್ಳು ಎಂದು 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಹೇಳಿತು. ಅಂದರೆ ಆರರಲ್ಲಿ ಒಂದು ನಿಜ. ನಮ್ಮ ಯಾವ ಟಿವಿ ಚಾನೆಲ್ಲಿನ ಬೆಳಗಿನ ಭವಿಷ್ಯದಲ್ಲೂ ಇಷ್ಟು ನಿಖರತೆ ಇಲ್ಲ. ಆದರೂ ಕೆಲವರು ಕೆಂಪು ಸಾಲನ್ನು ಮುದ್ರಿಸಿ ವೈದ್ಯರ ಬಳಿ ಒಯ್ಯುತ್ತಾರೆ. ವೈದ್ಯರು ಸರಿಯಾದ ಲ್ಯಾಬಿನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸುತ್ತಾರೆ. ರೂಪಾಂತರ ಮಾಯವಾಗುತ್ತದೆ. ಇಷ್ಟು ದಿನ ಜತನವಾಗಿ ಇಟ್ಟುಕೊಂಡ ಕಾಯಿಲೆಯನ್ನು ಕಳೆದುಕೊಂಡವರಿಗೆ ಸಾಂತ್ವನ ಹೇಳುವ ವ್ಯವಸ್ಥೆ ಅಮೆರಿಕದಂಥ ದೇಶದಲ್ಲೂ ಇಲ್ಲ.

ಹಾಗೆಂದು ಕೆಂಪಿಲ್ಲದವರು ನಿರಾಶರಾಗಬೇಕಿಲ್ಲ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, 23ಆಂಡ್‌ಮಿ ಎಂಬ ಡಿಎನ್‌ಎ ಪರೀಕ್ಷಾ ಕಂಪನಿಗೆ ಅನುಮತಿ ಕೊಟ್ಟ ಸ್ತನ ಕ್ಯಾನ್ಸರ್ ಪರೀಕ್ಷೆ, ಬಿಆರ್‌ಸಿಎ ಜೀನುಗಳ ಸಾವಿರಾರು ಹಾನಿಕಾರಕ ರೂಪಾಂತರಗಳಲ್ಲಿ ಮೂರನ್ನು ನೋಡುತ್ತಿತ್ತು. ಆ ಮೂರೂ ಮುಖ್ಯವಾಗಿ ಪೂರ್ವ ಯುರೋಪಿನ ಅಷ್ಕೆನಾಜಿ ಯಹೂದಿಗಳಲ್ಲಿ ಕಾಣುವಂಥವು. ಅಮ್ಮನಿಗೂ ಚಿಕ್ಕಮ್ಮನಿಗೂ ಸ್ತನ ಕ್ಯಾನ್ಸರ್ ಆಗಿದ್ದ ಹಾಸನ ಮೂಲದ ಹೆಣ್ಣುಮಗಳೊಬ್ಬಳು 'ಕಂಡುಬಂದಿಲ್ಲ' ಎಂಬುದನ್ನು ಓದಿ ಡಾಕ್ಟರ ಅಪಾಯಿಂಟ್‌ಮೆಂಟ್ ರದ್ದುಮಾಡಿದಳು. ಹಾಸನದಲ್ಲಿ ಕಳೆದ ಬೀಗದಕೈಯನ್ನು ವಾರ್ಸಾದ ಮೂರು ಮನೆಗಳಲ್ಲಿ ಕೂಲಂಕಷವಾಗಿ ಹುಡುಕಿಸಲಾಗಿತ್ತು, ಇನ್ನೇನು ಬೇಕು?

ಎಂಟಿಎಚ್‌ಎಫ್‌ಆರ್ ಎಂಬ ಜೀನಿನಲ್ಲಿ ಸಿಗುವ ರೂಪಾಂತರದ ಬಗ್ಗೆ ಎರಡೇ ಮಾತು. ಎಷ್ಟೋ ಕೋಟಿ ಜನರಲ್ಲಿರುವ ಸಾಮಾನ್ಯ ವ್ಯತ್ಯಾಸ ಅದು. ರಕ್ತ ಹೆಪ್ಪುಗಟ್ಟುವ ತೊಂದರೆಗೆ ಇದನ್ನು ಪರೀಕ್ಷಿಸಬೇಡಿ ಎಂದು ಅಮೆರಿಕದ ವೈದ್ಯಕೀಯ ತಳಿವಿಜ್ಞಾನಿಗಳ ಸಂಘ 2013ರಲ್ಲೇ ಹೇಳಿತು. ಇದರ ಹೆಸರಿನಲ್ಲಿ ವಿಟಮಿನ್ ಮಾತ್ರೆ ಮಾರುವವರಿಗೆ ಆ ಸುತ್ತೋಲೆ ಇನ್ನೂ ತಲುಪಿಲ್ಲ.

ಆರೋಗ್ಯ ಮುಗಿಯಿತು, ಇನ್ನು ವಂಶ. ಇದಕ್ಕೆ ನೆಂಟರನ್ನು ಹುಡುಕಿಕೊಡುವ ಜೆಡ್‌ಮ್ಯಾಚ್ ಎಂಬ ತಾಣ. ಕ್ಯಾಲಿಫೋರ್ನಿಯಾದ 'ಗೋಲ್ಡನ್ ಸ್ಟೇಟ್ ಕಿಲ್ಲರ್'ನನ್ನು 2018ರಲ್ಲಿ ಹಿಡಿಯಲು ಪೊಲೀಸರಿಗೆ ನೆರವಾದದ್ದು ಅವನ ದೂರದ ನೆಂಟರು ಇಂಥ ತಾಣಗಳಿಗೆ ಹಾಕಿದ್ದ ಫೈಲುಗಳು. ಆದ್ದರಿಂದ ಅಪ್‌ಲೋಡ್ ಮಾಡುವ ಮುನ್ನ ನೆಂಟರನ್ನೆಲ್ಲ ಒಮ್ಮೆ ವಿಚಾರಿಸುವುದು ಸೌಜನ್ಯ.

ಜೆಡ್‌ಮ್ಯಾಚ್‌ನಲ್ಲಿ ದಕ್ಷಿಣ ಏಷ್ಯಾದವರು ಮೆಚ್ಚುವುದು 'ಹರಪ್ಪಾ ವರ್ಲ್ಡ್' ಎಂಬ ಲೆಕ್ಕಾಚಾರವನ್ನು. ಅದು ನಿಮ್ಮನ್ನು ಸೌತ್ ಇಂಡಿಯನ್, ಬಲೋಚ್, ಕಾಕೇಸಿಯನ್, ಸೈಬೀರಿಯನ್, ಪಾಪುವನ್ ಇತ್ಯಾದಿ ಖಾನೆಗಳಿಗೆ ಹಂಚುತ್ತದೆ. ಯಾವ ಅಂಶ ಇಂದು ಯಾರಲ್ಲಿ ಹೆಚ್ಚಿದೆಯೋ ಅವರ ಹೆಸರನ್ನು ಖಾನೆಗೆ ಇಟ್ಟಿದ್ದಾರೆ ಅಷ್ಟೆ. ಬಲೋಚ್ ಪಾಲು ಬಂದರೆ ನಿಮ್ಮ ಮುತ್ತಜ್ಜ ಕ್ವೆಟ್ಟಾದಿಂದ ಬಂದನೆಂದು ಅರ್ಥವಲ್ಲ. ಈ ವಿವರಣೆ ಕೊಟ್ಟಾಗಲೆಲ್ಲ ನನ್ನ ಕಕ್ಷಿದಾರರು ನೊಂದುಕೊಂಡಿದ್ದರಿಂದ ಕೊಡುವುದನ್ನು ನಿಲ್ಲಿಸಿದ್ದೇನೆ. ಈಶಾನ್ಯ ಯುರೋಪಿನ ಖಾನೆಯಲ್ಲಿ ಶೇ. 5 ಸಿಕ್ಕವರು ಅದನ್ನು ಅಡುಗೆಮನೆಯ ಮಾತಿನಲ್ಲೂ ತರುತ್ತಾರೆ. ಪಾಪುವನ್ ಸಿಕ್ಕವರು ಲೆಕ್ಕಾಚಾರವೇ ತಪ್ಪು ಅನ್ನುತ್ತಾರೆ.

ಅದೇ ತಾಣದಲ್ಲಿ ಇನ್ನೊಂದು ಸಲಕರಣೆ ಇದೆ: 'ನಿಮ್ಮ ತಂದೆತಾಯಿ ರಕ್ತಸಂಬಂಧಿಗಳೇ?' ಇದನ್ನು ಒತ್ತುವ ಮೊದಲು ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಅಮೆರಿಕದ ವಂಶಾವಳಿ ಪರಿಣತರು ಎಚ್ಚರಿಸುತ್ತಾರೆ. ನ್ಯೂ ಜೆರ್ಸಿಯಲ್ಲಿರುವ ಚಿಂತಾಮಣಿ ಕಡೆಯ ಹುಡುಗನೊಬ್ಬ ಒತ್ತಿಯೇಬಿಟ್ಟ. ಹೌದು, ಹತ್ತಿರದ ಸಂಬಂಧ, ಎಂದು ಬಂತು. ಎರಡು ದಿನ ಊಟ ಬಿಟ್ಟು, ಧೈರ್ಯ ತಂದುಕೊಂಡು ಊರಿಗೆ ಫೋನ್ ಮಾಡಿದ.

"ಇದನ್ನ ತಿಳ್ಕೊಳ್ಳೋಕೆ ಎಂಜಲು ಪೋಸ್ಟ್ ಮಾಡಿದ್ಯೇನೋ? ನಿಮ್ಮಪ್ಪ ನಂಗೆ ಸ್ವಂತ ಸೋದರಮಾವ ಅಂತ ಊರಿಗೆಲ್ಲ ಗೊತ್ತಲ್ಲೋ" ಅಂದರು ತಾಯಿ. "ನಿಮ್ಮಜ್ಜಿನೇ ನಿಂಗೆ ಸೋದರತ್ತೆ ಕಣೋ."

ಇಂಥ ಮದುವೆಯ ಮಕ್ಕಳಲ್ಲಿ ಜೀನೋಮಿನ ಸರಾಸರಿ ಎಂಟನೇ ಒಂದು ಪಾಲು ಎರಡೂ ಕಡೆಯಿಂದ ಒಂದೇ ಆಗಿ ಬರುತ್ತದೆ. ಅದರ ಮೇಲೆ, 2017ರ ಅಧ್ಯಯನವೊಂದರಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳ ಪೈಕಿ 81, ಕೆಲವೇ ಪೂರ್ವಜರಿಂದ ಬೆಳೆದವರೆಂದು ಹೆಸರಾದ ಫಿನ್ನರನ್ನೂ ಅಷ್ಕೆನಾಜಿಗಳನ್ನೂ ಆ ವಿಷಯದಲ್ಲಿ ಮೀರಿಸಿದ್ದವು. ಹಾಗಾಗಿ ನಮ್ಮವರಿಗೆ ತಾಣದಲ್ಲಿ ಸಿಗುವ 'ಮೂರನೇ ಕಸಿನ್'ಗಳನ್ನೆಲ್ಲ ಗೃಹಪ್ರವೇಶಕ್ಕೆ ಕರೆಯಬೇಕಿಲ್ಲ.

ಶಾಸ್ತ್ರದ ವ್ಯಾಪ್ತಿಯ ಬಗ್ಗೆ ಅನುಮಾನವಿರುವವರಿಗೆ ಒಂದು ದೃಷ್ಟಾಂತ. ಷಿಕಾಗೊದ ಟಿವಿ ಚಾನೆಲೊಂದು 2018ರಲ್ಲಿ ಲ್ಯಾಬ್ರಡಾರ್ ನಾಯಿಯ ಮಾದರಿಯನ್ನು ಮನುಷ್ಯರದೆಂಬಂತೆ ಹಲವು ಕಂಪನಿಗಳಿಗೆ ಕಳಿಸಿತು. ಒಂದು ಕಂಪನಿ ತಕರಾರಿಲ್ಲದೆ ವರದಿ ಕೊಟ್ಟಿತು: ಸ್ನಾಯುಬಲ ಬಾಕ್ಸಿಂಗಿಗೂ ಬ್ಯಾಸ್ಕೆಟ್‌ಬಾಲಿಗೂ ಯೋಗ್ಯ, ಹೃದಯ ದೂರದ ಸೈಕಲ್ ಸವಾರಿಗೆ ಹೇಳಿ ಮಾಡಿಸಿದ್ದು. ನಾಯಿ ವರದಿಯನ್ನು ಬೇರೆ ತಾಣಕ್ಕೆ ಅಪ್‌ಲೋಡ್ ಮಾಡಲಿಲ್ಲ.

ಗೋಪ್ಯತೆಯ ಬಗ್ಗೆಯೂ ಕೇಳುತ್ತಾರೆ. 23ಆಂಡ್‌ಮಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, ಬಳಿಕ 30.5 ಕೋಟಿ ಡಾಲರಿಗೆ ಅದರ ಸಹಸಂಸ್ಥಾಪಕಿಯದೇ ಲಾಭರಹಿತ ಸಂಸ್ಥೆಗೆ ಮಾರಾಟವಾಯಿತು. ನಿಮ್ಮ ಉಗುಳಿಗೆ ಇಷ್ಟು ಬೆಲೆ ಇದೆಯೆಂದು ಹುಟ್ಟಿದೂರಿನಲ್ಲಿ ಯಾರಾದರೂ ಹೇಳಿದ್ದರೇ?

ಸಮಾಲೋಚನೆಗೆ ಬರುವವರು ಫೈಲನ್ನು ಜಿಪ್ ಮಾಡಿ ತರಬೇಕು. ಶುಲ್ಕ ಮುಂಗಡ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು, ದೊಡ್ಡಪ್ಪ ನಲವತ್ತೈದಕ್ಕೇ ಹೃದಯಾಘಾತದಿಂದ ಹೋದರು ಮುಂತಾದ ಮನೆಯ ಮಾತುಗಳನ್ನು ದಯವಿಟ್ಟು ಹೇಳಬೇಡಿ. ಅವು ವಿಶ್ಲೇಷಣೆಯ ಮೇಲೆ ಪ್ರಭಾವ ಬೀರುತ್ತವೆ.